ಹಿಂಬದಿ ಕೋಣೆಯ ಭಾಗ್ಯಶ್ರೀ

ಬೆಳಗಿನ ಆರೂವರೆ. ಆರ್.ಟಿ. ನಗರದ ಕೂದಲು ಚಿಕಿತ್ಸೆಯ ಕ್ಲಿನಿಕ್ಕೊಂದರ ಹಿಂಬದಿ ಕೋಣೆಯಲ್ಲಿ ಭಾಗ್ಯಶ್ರೀ ರಕ್ತದ ಟ್ಯೂಬುಗಳನ್ನು ಗಿರಗಿರನೆ ತಿರುಗುವ ಯಂತ್ರದೊಳಗೆ ಎದುರುಬದುರಾಗಿ ಜೋಡಿಸುತ್ತಿದ್ದಾರೆ. ಕಚೇರಿಗೆ ಹೋಗುವ ಮೊದಲೇ ಬಂದವರ ರಕ್ತ ಅದು. ಹತ್ತು ನಿಮಿಷ ತಿರುಗಿದರೆ ಕೆಂಪು ತಳಕ್ಕಿಳಿದು ಮೇಲೆ ಹೊಂಬಣ್ಣದ ದ್ರವ ನಿಲ್ಲುತ್ತದೆ. ಅದನ್ನೇ ಡಾಕ್ಟರು ಅವರವರ ನೆತ್ತಿಗೆ ಚುಚ್ಚುತ್ತಾರೆ. ದಿನಕ್ಕೆ ಹದಿನೆಂಟು ಜನ. ಅವರಲ್ಲಿ ಒಬ್ಬರ ಕಣ್ಣಿಗೂ ಭಾಗ್ಯಶ್ರೀ ಬೀಳಕೂಡದು ಎಂದು ಆದೇಶವಿದೆ.

ವಿಜಯಪುರ ಕಡೆಯ ಈ ಮೂವತ್ತೆಂಟರ ಹೆಣ್ಣುಮಗಳು ಬಾಗಲಗುಂಟೆಗೆ ಬಂದು ಹನ್ನೊಂದು ವರ್ಷ; ಮೊದಲಿನಿಂದಲೂ ಇದೇ ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವ ಕೆಲಸ. ಮೂರು ವರ್ಷದ ಹಿಂದೆ ಕೂದಲು ಬಿಲ್ಲೆಬಿಲ್ಲೆಯಾಗಿ ಉದುರತೊಡಗಿ, ಕೊನೆಗೆ ಹುಬ್ಬೂ ಉಳಿಯಲಿಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿಬೀಳುವ ಕಾಯಿಲೆ. ಜೀವಕೋಶಗಳಿಂದ ತಯಾರಿಸಿದ ಹೊಸ ಔಷಧ ಬಂದಿದೆ, ಪುಕ್ಕಟೆ ಕೊಡುತ್ತೇವೆ, ಫೋಟೊಗೆ ಒಪ್ಪಬೇಕು ಎಂದರು ಡಾಕ್ಟರು. ಆರು ತಿಂಗಳು ನಡೆಯಿತು.

"ಒಂದೊಂದ್ ಸಲ ಐವತ್ತ್ ಚುಚ್ಚು. ಹಲ್ಲ ಕಚ್ಚಿ ಕುಂತೆ. ಒಂದ ಎಳಿ ಬರ್ಲಿಲ್ರಿ."

ಫೋಟೊ ಮಾತ್ರ ಗೋಡೆಗೆ ಬಂತು. 'ಮೊದಲು' ಎಂಬಲ್ಲಿ ಭಾಗ್ಯಶ್ರೀಯ ಬೋಳು ಹಿಂತಲೆ. 'ನಂತರ' ಎಂಬಲ್ಲಿ ಬೇರೆ ಯಾರದೋ ದಟ್ಟ ಕೂದಲು.

ಯುಗಾದಿ ಮುಗಿದ ವಾರ, ಅದೇ ಕಾಯಿಲೆಯ ತೇಜಸ್ವಿನಿ ಎಂಬ ಹುಡುಗಿ ರಕ್ತ ಕೊಡಲು ಕೂತು ಆ ಗೋಡೆಯತ್ತ ಬೆರಳು ಮಾಡಿದಳು. "ಅಕ್ಕ, ಇದು ನಿಜಾನಾ? ಇವ್ರಿಗೆ ಬಂದಿದೆ ಅಂದ್ರೆ ನಂಗೂ ಬರುತ್ತೆ ಅಲ್ವಾ? ಮದ್ವೆ ಮುಂದಕ್ಕೆ ಹಾಕ್ಸಿ ಬಂದಿದೀನಿ."

ಭಾಗ್ಯಶ್ರೀ ಸಿರಿಂಜನ್ನು ಕೆಳಗಿಟ್ಟರು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಬೆನ್ನು ತಿರುಗಿಸಿ ನಿಂತರು. "ಕಿವಿ ಹಿಂದಿನ ಮಚ್ಚಿ ನೋಡವಾ ತಂಗಿ. ಫೋಟೋದಾಗೂ ಐತಿ."

ಹುಡುಗಿ ಅಳುತ್ತ ಎದ್ದುಹೋದಳು. "ಯಾಕ್ ಹೇಳಿದ್ರಿ ಅಂತ ನನ್ನ ಮ್ಯಾಲೇ ಸಿಟ್ಟಾದ್ಲ್ರಿ" ಎನ್ನುತ್ತಾರೆ ಭಾಗ್ಯಶ್ರೀ.

ಮ್ಯಾನೇಜರ್ ಅಶ್ವತ್ಥ್ ಅಂದೇ ಅವರನ್ನು ಹಿಂದಿನ ಕೋಣೆಗೆ ಅಟ್ಟಿದರು. "ಮಷೀನ್ ನೋಡ್ಕೊಳ್ಳೋಕೆ ಬೇರೆ ಜನ ಇಲ್ಲ, ಅದಕ್ಕೆ ಇಟ್ಕೊಂಡಿದೀವಿ. ಮುಂದೆ ಮಾತ್ರ ಕಾಣಿಸ್ಕೋಬೇಡಿ." ಚಿತ್ರ ಇವತ್ತಿಗೂ ಗೋಡೆಯ ಮೇಲಿದೆ. ಅದರ ಕೆಳಗೆ ಜನ ಸರದಿಗೆ ಕಾಯುತ್ತಾರೆ.

ಪತ್ರಿಕೆಯಲ್ಲಿ ಹೆಸರು ಬಂದರೆ ಇದ್ದ ಕೆಲಸವೂ ಹೋದೀತು, ಬೇರೆ ಹೆಸರು ಹಾಕಲೇ ಎಂದು ಕೇಳುತ್ತೇನೆ. ಅವರು ಕೈಗವಸು ಕಳಚಿ ತೊಟ್ಟಿಗೆ ಹಾಕುತ್ತಾರೆ.

"ನನ್ನ ಹೆಸರ ಬರೀರಿ. ಎಷ್ಟ ಸಣ್ಣ ನರಾ ಇದ್ರೂ ನನಗ ಒಂದ ಸಲಕ್ಕ ಸಿಗತೈತಿ. ರಕ್ತ ತಗಿಯೋ ಕೆಲಸ ಎಲ್ಲ್ಯಾರ ಕೊಟ್ಟಾರು."