ಉಪ್ಪಿನಕಾಯಿ ಕೋಣೆಯಲ್ಲಿ ಚೀಸ್

ಅತ್ತೆಯ ಸೊಂಟದಲ್ಲಿ ಯಾವಾಗಲೂ ಸಿಕ್ಕಿಸಿಕೊಂಡ ಒಂದು ಒಣಬಟ್ಟೆ ಇರುತ್ತಿತ್ತು. ಉಪ್ಪಿನಕಾಯಿ ಕೋಣೆಯ ಬಾಗಿಲು ಮುಟ್ಟುವ ಮೊದಲು ಅದರಲ್ಲಿ ಬೆರಳು, ಬೆರಳ ಸಂದು, ಬಳೆಯ ಅಡಿ ಎಲ್ಲ ಒರೆಸಿಕೊಳ್ಳುತ್ತಿದ್ದರು. ಒಂದು ಹನಿ ನೀರು ಸೋಕಿದರೂ ಮಾವಿನ ಮಿಡಿಗೆ ಬೂಷ್ಟು ಬಂದೀತೆಂಬ ಹೆದರಿಕೆ. ಕಾಣಿಯೂರಿನ ಸುತ್ತ ಯಾರ ಮನೆಯ ಮದುವೆಯೇ ಇರಲಿ, ಎಲೆಯ ತುದಿಗೆ ಅತ್ತೆಯ ಮಿಡಿಯೇ ಆಗಬೇಕು. ಕೇಳಲು ಯಾರೂ ಬಾರದಿದ್ದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಅಂಥ ಮನೆಗೆ ಸೊಸೆಯಾಗಿ ಬಂದ ನಾನು ಬೇಕೆಂದೇ ಬೂಷ್ಟು ಬರಿಸುವವಳು. ಡೈರಿಗೆ ಕೊಟ್ಟು ಉಳಿದ ಹಾಲಿನಲ್ಲಿ ಚೀಸ್ ಮಾಡಲು ಕಲಿತಿದ್ದೆ. ಮಳೆ ಕಡಿಮೆಯಾಗಿ ಹಸಿಹುಲ್ಲು ಧಾರಾಳ ಇರುವಾಗ ಹಾಲೂ ಜಾಸ್ತಿ. ದೀಪಾವಳಿಗೆಂದು ಪುತ್ತೂರಿನ ದರ್ಬೆಯ ಒಂದು ಅಂಗಡಿಗೆ ನಾಲ್ಕು ಬಗೆ ಕೊಡುವುದು: ಕಾಳುಮೆಣಸು ಮೆತ್ತಿದ್ದು, ಗಾಂಧಾರಿ ಮೆಣಸಿನದ್ದು, ಅರಸಿನ ಎಲೆಯಲ್ಲಿ ಸುತ್ತಿದ್ದು, ಮತ್ತೆ ಮೈತುಂಬ ಬಿಳಿ ಬೂಷ್ಟು ಬರಿಸಿ ಮಾಗಿಸಿದ್ದು.

“ಇದಕ್ಕೆ ಹೆಪ್ಪು ಎಂತದ್ದು?” ಎಂದು ಅತ್ತೆ ಮೊದಲ ದಿನವೇ ವಿಚಾರಿಸಿದ್ದರು. ಕೆಲವರು ಹಾಕುವ ಹಾಗೆ ಕರುವಿನ ಹೊಟ್ಟೆಯಿಂದ ತೆಗೆದದ್ದಲ್ಲ ಎಂದು ಖಾತ್ರಿಯಾದ ಮೇಲೆ ಮೂಸಿ ನೋಡಿ, “ಹಾಳಾದ ಮೇಲೆ ಮಾರುದು ನೀನೊಬ್ಬಳೇ ಮಾರಾಯ್ತಿ” ಎಂದರು. ಒಂದು ಚೂರೂ ಬಾಯಿಗೆ ಹಾಕಿದವರಲ್ಲ. ಆದರೆ ಬೆಳಿಗ್ಗೆ ಬಂದು ಬೆರಳಲ್ಲಿ ಒತ್ತಿ, “ಇದು ಇನ್ನೂ ಎಳತು” ಎನ್ನುವುದು ಮಾತ್ರ ಬಿಡಲಿಲ್ಲ.

ಒಂದು ವರ್ಷ ದೀಪಾವಳಿ ಹತ್ತಿರ ಇರುವಾಗ ಸಿಡಿಲಿಗೆ ಟ್ರಾನ್ಸ್‌ಫಾರ್ಮರ್ ಹೋಯಿತು. ನಮ್ಮ ಇನ್ವರ್ಟರ್ ಫ್ರಿಜ್ಜನ್ನು ಎಳೆಯುವುದಿಲ್ಲ. ಜನರೇಟರ್ ಹುಡುಕಲು ಪುತ್ತೂರಿಗೆ ಹೋದ ನನ್ನ ಗಂಡ ಬರಿಗೈಯಲ್ಲಿ ಬಂದರು. ಈ ಸಲ ತಪ್ಪಿದರೆ ಮುಂದೆ ಬೇಡವೆಂದು ಅಂಗಡಿಯವರು ಮೊದಲೇ ಹೇಳಿದ್ದರು. ಮನೆಯಲ್ಲಿ ತಂಪಿರುವುದು ಕಿಟಕಿಯಿಲ್ಲದ, ಮಣ್ಣಿನ ನೆಲದ ಆ ಉಪ್ಪಿನಕಾಯಿ ಕೋಣೆ ಒಂದೇ. ಅದನ್ನು ಕೇಳುವ ಧೈರ್ಯ ನನಗೆಲ್ಲಿಂದ ಬರಬೇಕು?

ಮರುದಿನ ಬೆಳಿಗ್ಗೆ ನೋಡಿದರೆ ಕೋಣೆ ಖಾಲಿ. ಭರಣಿಗಳೆಲ್ಲ ಅತ್ತೆಯ ಮಂಚದ ಕೆಳಗೆ.

“ನಿನ್ನದು ಒಳಗೆ ಇಡು. ಎರಡೂ ಒಟ್ಟಿಗೆ ಆಗುದಿಲ್ಲ.”

“ನಿಮ್ಮ ಕೋಣೆ ಸೆಕೆ ಅಲ್ವಾ ಅತ್ತೆ? ಮಿಡಿ ಹಾಳಾದ್ರೆ?”

“ನನ್ನದು ಬರುವ ವರ್ಷವೂ ಹಾಕ್ಲಿಕ್ಕೆ ಉಂಟು. ನಿನ್ನದನ್ನು ಇನ್ನೊಮ್ಮೆ ಯಾರು ಕೇಳ್ತಾರೆ?”

ಚೀಸ್ ಕೆಡದೆ ದರ್ಬೆಗೆ ಹೋಯಿತು. ಮಿಡಿ ಉಳಿಯಲಿಲ್ಲ. ಗೃಹಪ್ರವೇಶಕ್ಕೆಂದು ಕೇಳಲು ಬಂದ ನೆರೆಮನೆಯವರ ಎದುರೇ ಅತ್ತೆ ಭರಣಿಯ ಬಾಯಿಬಟ್ಟೆ ಬಿಚ್ಚಿದರು. ಮೇಲೆಲ್ಲ ಬಿಳಿ.

“ನಿಮ್ಮ ಮಿಡಿಗೂ ಬೂಷ್ಟಾ ಅಕ್ಕ?” ಎಂದರು ಅವರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, “ಪ್ರಾಯ ಆಯ್ತು ನೋಡಿ, ಉಪ್ಪಿನ ಅಂದಾಜು ತಪ್ಪಿತು” ಎಂದುಬಿಟ್ಟರು.

ಅವರು ಹೋದ ಮೇಲೆ ನಾನು ಜಗಳಕ್ಕೇ ನಿಂತೆ. ಅತ್ತೆ ಸಮಾಧಾನದಲ್ಲೇ ಹೇಳಿದರು: “ಸೊಸೆಯ ಚೀಸಿನಿಂದ ಹಾಳಾಯ್ತು ಅಂತ ಒಬ್ಬರ ಬಾಯಿಗೆ ಬಿದ್ರೆ ದರ್ಬೆವರೆಗೆ ಹೋಗ್ತದೆ. ನಾನಿರುವಷ್ಟು ದಿನ ನೀನು ಸುಮ್ಮನಿರು.”

ಆಮೇಲೆ ಮಿಡಿ ಕೇಳಿಕೊಂಡು ಬರುವವರು ಕಡಿಮೆಯಾದರು. ಅತ್ತೆ ಮಾತ್ರ ಪ್ರತಿ ವರ್ಷ ಅಷ್ಟೇ ಭರಣಿ ತುಂಬಿಸಿದರು.

ಹೋದ ವರ್ಷ ಅತ್ತೆ ತೀರಿಕೊಂಡರು. ವೈಕುಂಠ ಸಮಾರಾಧನೆಯ ಊಟಕ್ಕೆ ಕೂತವರೊಬ್ಬರು, “ಉಪ್ಪಿನಕಾಯಿ ಅಂದ್ರೆ ಅವರದ್ದೇ. ಕೊನೆಗೆ ಮಾತ್ರ ಕೈ ತಪ್ಪಿತ್ತು, ಪಾಪ” ಎಂದರು. ನಾನು ಸಾರಿನ ಪಾತ್ರೆ ಕೆಳಗಿಟ್ಟು, ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿದೆ: “ಅವರ ಕೈ ತಪ್ಪಿದ್ದೇ ಇಲ್ಲ. ನನ್ನ ಚೀಸ್ ಉಳಿಸ್ಲಿಕ್ಕೆ ಅವರು ತಮ್ಮ ಮಿಡಿ ಬಿಟ್ಟುಕೊಟ್ಟದ್ದು.”