ಫೈಲ್ ಬಂತು, ಫಾಂಟ್ ಬರಲಿಲ್ಲ

ಬೆಳಿಗ್ಗೆ ನಳದ ನೀರು ಹಿಡಿದೆ. ಅವ್ವನಿಗೆ ಚಹಾ ಕೊಟ್ಟೆ. ಅಕ್ಕಿ ಹಸನು ಮಾಡಿದೆ. ಒಣಗಿದ ಬಟ್ಟೆ ಮಡಚಿಟ್ಟೆ. ಸಿಂಧನೂರು ಬಸ್ ಸ್ಟ್ಯಾಂಡಿನ ಹತ್ತಿರದ ರಿಪೇರಿ ಅಂಗಡಿಯಿಂದ ಲ್ಯಾಪ್‌ಟಾಪ್ ತಂದೆ. ಮಧ್ಯಾಹ್ನದೊಳಗೆ ಅಪ್ಪನ ಮಾತುಗಳನ್ನು ಕಳೆದುಕೊಂಡೆ!

ನಮ್ಮ ಲ್ಯಾಪ್‌ಟಾಪ್ ಹಳೆಯದು. ಆನ್ ಮಾಡಿ ಕುಕ್ಕರ್ ಇಟ್ಟರೆ, ಮೂರು ಸೀಟಿಯಾದ ಮೇಲೆ ಪರದೆ ಬೆಳಗುತ್ತಿತ್ತು. (ಉತ್ಪ್ರೇಕ್ಷೆಯಲ್ಲ, ಅನ್ನವೇ ಸಾಕ್ಷಿ.) ಹಾಗಾಗಿ ಹಾರ್ಡ್ ಡಿಸ್ಕ್ ಬದಲಿಸಿ, ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿಸಿದೆ. ಫೈಲುಗಳನ್ನೆಲ್ಲ ಮೊದಲೇ ಪೆನ್ ಡ್ರೈವಿಗೆ ತುಂಬಿಕೊಂಡಿದ್ದೆ. ಎಷ್ಟು ಜಾಣೆ, ಅಲ್ಲವೇ?

ಆ ಫೈಲುಗಳಲ್ಲೊಂದು ತಂಗಿ ಶಿವಲೀಲಾಳ ಮದುವೆ ಕಾರ್ಡು. ಗುರುಗುಂಟಾದ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ಅಡ್ಡಾಡುತ್ತ ಹೇಳಿದ್ದರು, ನಾನು ಟೈಪ್ ಮಾಡಿದ್ದೆ. ಅಚ್ಚಿನ ಅಂಗಡಿಯ ಸಿದ್ಧ ಒಕ್ಕಣೆ ಅವರಿಗೆ ಸೇರುತ್ತಿರಲಿಲ್ಲ. ಈಗ ಅಪ್ಪ ಇಲ್ಲ. ತಮ್ಮ ಅಮರೇಶನ ಮದುವೆ ಬಂದಿದೆ. ಕಾರ್ಡಿನಲ್ಲಿ ಅಪ್ಪನ ಮಾತೇ ಇರಬೇಕೆಂದು ತಂಗಿ ಹಟ ಹಿಡಿದು ಮಸ್ಕಿಯಿಂದ ಬಸ್ ಹತ್ತಿ ಬಂದಿದ್ದಳು. ಹಳೆಯ ಕಾರ್ಡುಗಳನ್ನು ಗೆದ್ದಲು ತಿಂದಿತ್ತು. ಉಳಿದದ್ದು ಈ ಫೈಲ್ ಒಂದೇ.

ತೆರೆದೆ. ತಲೆಯ ಮೇಲೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು, ಪ್ರಶ್ನಾರ್ಥಕಗಳು, ಹೆಸರೇ ಗೊತ್ತಿಲ್ಲದ ಚಿಹ್ನೆಗಳು. ಕನ್ನಡದ ಒಂದಕ್ಷರವೂ ಇಲ್ಲ.

‘ಅಕ್ಕಾ, ಏನ್ ಮಾಡೀದಿ ಇದನ್ನ?’ ತಂಗಿಯ ಕಣ್ಣಲ್ಲಿ ನೀರು.

ರಿಪೇರಿ ಅಂಗಡಿಯ ಖಾದರ್ ಅವರಿಗೆ ಫೋನ್ ಹಚ್ಚಿದೆ. ಅವರು ನಕ್ಕರು. ‘ಫೈಲ್ ಅಷ್ಟ ತಗೊಂಡೀರಿ ಅಕ್ಕಾರ. ಆಗಿನ ಕನ್ನಡ ಫಾಂಟ್ ಯಾರು ತಗೋಬೇಕಿತ್ರಿ? ಸಾಮಾನೆಲ್ಲ ಹೇರಿ ಕೀಲಿಕೈ ಹಳೇ ಮನ್ಯಾಗ ಬಿಟ್ಟಂಗಾತು.’

ಹಳೆಯ ಡಿಸ್ಕನ್ನು ಅವರು ಇನ್ನೂ ಒರೆಸಿ ಹಾಕಿರಲಿಲ್ಲ, ಪುಣ್ಯ. ಇಬ್ಬರೂ ಆಟೋದಲ್ಲಿ ಓಡಿದೆವು. ಕೇಬಲ್ ಸಿಕ್ಕಿಸಿ, ಹುಡುಕಿ, ಫಾಂಟ್ ತೆಗೆದು ಹೊಸದಕ್ಕೆ ಹಾಕಿಕೊಟ್ಟರು. ಪರದೆಯ ಮೇಲೆ ಕನ್ನಡ ಮೂಡಿತು. ಅಂಗಡಿ ಎಂಬುದನ್ನೂ ಮರೆತು ತಂಗಿ ನನ್ನನ್ನು ತಬ್ಬಿಕೊಂಡಳು.

ಮನೆಗೆ ಬಂದು ಅವ್ವನ ಮುಂದೆ ಗಟ್ಟಿಯಾಗಿ ಓದಿದಳು: ‘ನಮ್ಮ ಅಂಗಳ ಸಣ್ಣದು. ನೀವು ಕಾಲಿಟ್ಟರೆ ದೊಡ್ಡದಾಗುತ್ತದೆ. ತಪ್ಪದೇ ಬನ್ನಿ.’

ಅವ್ವ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ, ‘ಮುಂದಿಂದು ಓದಬೇ’ ಎಂದಳು.

‘ಇಷ್ಟ ಐತಿ ಯವ್ವಾ.’

‘ಎಲ್ಲಿ ಇಷ್ಟ? ಅವತ್ತು ನಿಮ್ಮನ್ಯಾಗ ಒಲಿ ಹಚ್ಚಿದ್ರ ನನಗ ಅವಮಾನ ನೋಡ್ರಿ, ಅಂತಿತ್ತಲ್ಲ?’

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಫೈಲನ್ನು ಮೇಲೆ ಕೆಳಗೆ ಸರಿಸಿದೆ. ಇಲ್ಲ. ನಾನು ಟೈಪ್ ಮಾಡಿದ ನೆನಪೂ ಇಲ್ಲ.

ಆಮೇಲೆ ಹೊಳೆಯಿತು. ನಮ್ಮ ಕಡೆ ಕಾರ್ಡನ್ನು ಸುಮ್ಮನೆ ಕೈಗಿಟ್ಟು ಬರುವುದಿಲ್ಲ. ಗಂಡ ಹೆಂಡತಿ ಮನೆಮನೆಗೆ ಹೋಗಬೇಕು, ಕುಂಕುಮ ಹಚ್ಚಬೇಕು, ಕರೆಯಬೇಕು. ಅಪ್ಪ ಹೊಸ್ತಿಲಲ್ಲಿ ನಿಂತು ಕಾರ್ಡು ಓದಿ, ಕೊನೆಗೆ ಒಲೆಯ ಈ ಮಾತನ್ನು ತಾವೇ ಬಾಯಿಂದ ಸೇರಿಸುತ್ತಿದ್ದರು. ಪಕ್ಕದಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತವಳು ಅವ್ವ. ಅವಳಿಗೆ ಕಾರ್ಡೆಂದರೆ ಓದಿದ್ದೂ ಸೇರಿಸಿದ್ದೂ ಅಷ್ಟೂ.

(ಈಗ ನಾವು? ವಾಟ್ಸ್ಆ್ಯಪಿನಲ್ಲಿ ಕಾರ್ಡು ಕಳಿಸಿ, ನೀಲಿ ಟಿಕ್ ಬಂತೋ ಇಲ್ಲವೋ ನೋಡುತ್ತೇವೆ.)

‘ಅಕ್ಕಾ, ಅದನ್ನೂ ಹಾಕು. ಅಪ್ಪ ಅಂದಂಗ ಹಾಕು, ತಿದ್ದಬ್ಯಾಡ’ ಎಂದಳು ತಂಗಿ. ಹಾಕಿದೆ.

ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ, ಸೇಂಗಾ ಹಿಂಡಿ. ಅವ್ವ ಒಂದು ರೊಟ್ಟಿ ಹೆಚ್ಚೇ ಉಂಡಳು. ಅಪ್ಪ ಆ ಹೊಸ್ತಿಲುಗಳಲ್ಲಿ ಇನ್ನೂ ಏನೇನು ಹೇಳುತ್ತಿದ್ದರು ಎಂದು ಕೇಳಬೇಕೆಂದು ನಾವು ಪಾತ್ರೆ ತೊಳೆದು ಬರುವಷ್ಟರಲ್ಲಿ, ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಅವಳೇ.