ನಿಂತು ಸೀರೆ ಉಡುವಷ್ಟು ಎತ್ತರ

ಹಿತ್ತಲಲ್ಲಿ ಹೊಸ ಟೆಂಟು ಬಿಚ್ಚಿದಾಗ ತಾಡಪತ್ರಿಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಕಾರು ತೆಗೆದುಕೊಂಡ ಮೇಲೆ ನನಗೊಂದು ಹುಚ್ಚು ಹತ್ತಿದೆ ನೋಡಿ: ಕೃಷ್ಣೆಯ ದಂಡೆಗೆ ಕಾರು ಒಯ್ದು, ಪಕ್ಕದಲ್ಲೇ ಟೆಂಟು ಹಾಕಿ, ಒಂದೆರಡು ದಿನ ಇದ್ದು ಬರಬೇಕು. ಅದೂ ಹೆಂಡತಿಯ ಜೊತೆಗೇ. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ಹಾಗಾಗಿ ನಿಪ್ಪಾಣಿಯ ಅಂಗಡಿಯಲ್ಲಿ ಟೆಂಟಿನೊಳಗೆ ಅಂಗಾತ ಮಲಗಿ, ಕಾಲು ಚಾಚಿ, ಎರಡೂ ಮಗ್ಗುಲಿಗೆ ಹೊರಳಿ ನೋಡಿಯೇ ಆರಿಸಿದ್ದೆ. ಇಷ್ಟು ಪರೀಕ್ಷೆ ಕಾರಿಗೂ ಮಾಡಿರಲಿಲ್ಲ.

ಹೆಂಡತಿ ಬಗ್ಗಿ ಒಳಗೆ ಹೋದಳು, ಬಗ್ಗಿಕೊಂಡೇ ಹೊರಗೆ ಬಂದಳು.

"ಚಲೋ ಐತ್ರಿ. ನೀವ್ ಹೋಗಿ ಬರ್ರಿ."

"ಯಾಕ, ನೀ ಬರಂಗಿಲ್ಲೇನು?"

"ಮುಂಜಾನೆ ಸೀರಿ ಎಲ್ಲಿ ನಿಂತ ಉಡ್ಲಿ?"

ಆ ವಾಸನೆಯೂ ಈ ಮಾತೂ ಕೂಡಿ ನನ್ನನ್ನು ಕೊಕಟನೂರಿನ ಜಾತ್ರೆಗೆ ಎಳೆದುಕೊಂಡು ಹೋದವು. ನನಗಾಗ ಹತ್ತು ವರ್ಷ. ಎಲ್ಲಮ್ಮನಿಗೆ ಎಡೆ ಒಪ್ಪಿಸಲು ನಮ್ಮೂರು ಸತ್ತಿಯಿಂದ ಚಕ್ಕಡಿ ಕಟ್ಟಿಕೊಂಡು ಹೋಗಿದ್ದೆವು. ಅಪ್ಪ ಹೊಸ ತಾಡಪತ್ರಿಯನ್ನು ಚಕ್ಕಡಿಗೆ ಬಿಗಿದು ಬಿಡಾರ ಮಾಡಿದ. ಕಟ್ಟಿದ ಮೇಲೆ ಅವನೂ ಒಳಗೆ ಮಲಗಿ ನೋಡಿ, "ಅರಮನಿ ಆತು" ಎಂದ. ಅಪ್ಪನ ಮಗನೇ ನಾನು, ಸಂಶಯ ಬೇಡ.

ಅವ್ವ ಸ್ನಾನ ಮಾಡಿ ಬಂದು, ಆ ಅರಮನೆಯಲ್ಲಿ ಮೊಣಕಾಲೂರಿ ಸೀರೆ ಉಟ್ಟಳು. ಉಪವಾಸದಲ್ಲೇ ಮಾಡಿದ ಹೋಳಿಗೆಯ ತಟ್ಟೆ ಹಿಡಿದು ಸರದಿಯಲ್ಲಿ ನಿಂತಳು. ಗುಡಿಯ ಮೆಟ್ಟಿಲು ಹತ್ತುವಾಗ ನೆರಿಗೆ ಸಡಿಲಾಗಿ ಕಾಲಿಗೆ ತೊಡರಿತು. ಅವ್ವ ಬಿದ್ದಳು. ಎಡೆಯೆಲ್ಲ ಮಣ್ಣುಪಾಲಾಯಿತು.

"ಕಣ್ಣ ಎಲ್ಲಿಟ್ಟಿದ್ದಿ?" ಎಂದು ಅಪ್ಪ ಜನರ ಮುಂದೆಯೇ ರೇಗಿದ. ನಾನು ನಕ್ಕೆ. ಅವ್ವ ಒಂದು ಕೈಯಲ್ಲಿ ನೆರಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಹೋಳಿಗೆ ಆರಿಸಿಕೊಂಡಳು. ಆ ನಗೆಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸಂಜೆ ಅವ್ವ ಇಷ್ಟೇ ಹೇಳಿದಳು: "ಮುಂದಿನ ಸರ್ತೆ ತಾಡಪತ್ರಿ ಕಟ್ಟೂ ಮುಂದ ನನ್ನ ಒಂದ ಮಾತ ಕೇಳ್ರಿ." ಮುಂದಿನ ಸಲವೂ ಅಪ್ಪ ಕೇಳಲಿಲ್ಲ. ಮಾತು ಅಲ್ಲಿಗೇ ಮರೆತುಹೋಯಿತು.

ಮರುದಿನ ಹೆಂಡತಿಯನ್ನು ಕರೆದುಕೊಂಡೇ ನಿಪ್ಪಾಣಿಗೆ ಹೋದೆ.

"ಕಾಯ್ ಝಾಲಂ ಸಾಹೇಬ್? ಏನಾತು, ಸೋರತೈತೇನು?" ಎಂದ ಅಂಗಡಿಯವ.

"ಸೋರಂಗಿಲ್ಲ. ಎತ್ತರ ಸಾಲಂಗಿಲ್ಲ. ನಿಂತ ಸೀರಿ ಉಡಾಕ ಬರಬೇಕ್ರಿ."

ಅವನು ಮೂಲೆಯಲ್ಲಿದ್ದ ಎತ್ತರದ ಟೆಂಟು ತೋರಿಸಿದ. ಹೆಂಡತಿ ಒಳಗೆ ಹೋಗಿ ಸರ್ರನೆ ಜಿಪ್ಪು ಎಳೆದುಕೊಂಡಳು. ನಾನು ಬಾಗಿಲಿಗೆ ಬೆನ್ನು ಮಾಡಿ ಕಾವಲು ನಿಂತೆ. ಅವ್ವ ಇದ್ದಿದ್ದರೆ ಮೊದಲು ಅವಳನ್ನು ಒಳಗೆ ಕಳಿಸುತ್ತಿದ್ದೆ ಎನಿಸಿತು.

ಹೆಂಡತಿ ಹೊರಬಂದಳು. ಸೀರೆಯನ್ನು ಪೂರ್ತಿ ಬಿಚ್ಚಿ ಮತ್ತೆ ಉಟ್ಟಿದ್ದಳು, ಒಂದು ನೆರಿಗೆಯೂ ಸೊಟ್ಟ ಇರಲಿಲ್ಲ.

"ಇದ ಇರ್ಲಿ," ಎಂದಳು. "ಹೊಳಿ ದಂಡಿಗೆ ಯಾವತ್ತ ಹೋಗೂದ್ರಿ?"